ನಾಲ್ಕು ಜನ ಎತ್ತಿದರೆ ಟ್ರಾಲಿ, ಎತ್ತದಿದ್ದರೆ ಲಾರಿ

ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸಿನಲ್ಲಿ ಓಡಾಡುವವರಿಗೆ ತಾಳಗುಪ್ಪದ ರೈಲು ಕಂಬಿಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ರಸ್ತೆ ಬಿಟ್ಟು ಹೋಗುತ್ತದೆ, ಮತ್ತೆ ಬಂದು ಸೇರುತ್ತದೆ, ನೆಂಟರ ಮನೆಗೆ ಬಂದು ಹೋದ ಹಾಗೆ. ಗಾಡಿ ಕಾಣುವುದು ಕಮ್ಮಿ. ದಿನಕ್ಕೆ ಕೈಬೆರಳಲ್ಲಿ ಎಣಿಸುವಷ್ಟು ಗಾಡಿ ಓಡುವ ಸಾಲು ಅದು. ಆದರೆ ಯಾವಾಗಾದರೂ ಒಂದು ದಿನ ಕಿಟಕಿ ಪಕ್ಕ ಕೂತವರಿಗೆ ಒಂದು ವಿಚಿತ್ರ ಕಂಡೀತು. ನಾಲ್ಕು ಗಾಲಿಯ ಮೇಲೆ ಒಂದು ಹಲಗೆ, ಹಲಗೆ ಮೇಲೆ ಬೆಂಚು, ಬೆಂಚಿನ ಮೇಲೆ ಒಬ್ಬ ಸಾಹೇಬರು, ಅವರ ತಲೆ ಮೇಲೊಂದು ಕೊಡೆ. ಪಕ್ಕದಲ್ಲಿ ಕೆಂಪು ಬಾವುಟ. ಹಿಂದೆ ಇಬ್ಬರು ಆಳುಗಳು ಕಂಬಿಯ ಮೇಲೇ ಕಾಲಿಟ್ಟು ಓಡುತ್ತಾ ತಳ್ಳುತ್ತಿರುತ್ತಾರೆ. ಅಂಗೈ ಅಗಲವೂ ಇಲ್ಲದ ಉಕ್ಕಿನ ಮೇಲೆ, ಜಾರದೆ, ತಪ್ಪದೆ. ಬಸ್ಸಿನಲ್ಲಿರುವ ಮಕ್ಕಳು ಕೈ ಬೀಸುತ್ತವೆ. ದೊಡ್ಡವರು ‘ಓಹೋ ಟ್ರಾಲಿ’ ಅಂದು ಮತ್ತೆ ನಿದ್ದೆಗೆ ಜಾರುತ್ತಾರೆ.

ಆ ಟ್ರಾಲಿ ಮತ್ತು ಅದರ ಜೊತೆಗಾರ ಸಾಮಾನುಗಳ ವಿಷಯ ಇವತ್ತು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ಯಾಕೆಂದರೆ ಕಬ್ಬಿಣವಾದ್ದರಿಂದ ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ, ಬೇರೆಲ್ಲೂ ಇಲ್ಲ.

ಮೊದಲು ಅದರ ಹೆಸರಿನ ಕಥೆ ಕೇಳಿ. ರೈಲ್ವೆಯವರ ನಿಯಮದ ಪುಸ್ತಕದಲ್ಲಿ ಟ್ರಾಲಿ ಎಂದರೇನು ಎಂಬುದಕ್ಕೆ ಒಂದು ವ್ಯಾಖ್ಯೆ ಉಂಟು. ಇಷ್ಟು ಕೆ.ಜಿ. ತೂಕ, ಇಷ್ಟು ಅಡಿ ಉದ್ದ ಅಂತ ಅಲ್ಲ. ನಾಲ್ಕು ಜನ ಸೇರಿ ಕಂಬಿಯಿಂದ ಪೂರಾ ಎತ್ತಿ ಪಕ್ಕಕ್ಕಿಡಲು ಬಂದರೆ ಅದು ಟ್ರಾಲಿ. ಅದೇ ಥರದ್ದು, ಆದರೆ ಅದಕ್ಕಿಂತ ಭಾರ, ನಾಲ್ವರ ಕೈಲಿ ಎತ್ತಲಾಗದು ಅಂದರೆ ಅದು ಲಾರಿ. ಇನ್ನೂ ಮಜಾ ಏನೆಂದರೆ, ಟ್ರಾಲಿಯ ಮೇಲೆ ತುರ್ತು ಅಂತ ಕಂಬಿಯನ್ನೋ ಭಾರದ ಸಾಮಾನನ್ನೋ ಹೇರಿದಿರೋ, ಆ ಕ್ಷಣದಿಂದ ಅದೂ ಲಾರಿಯೇ. ಇಳಿಸಿದಿರೋ, ಮತ್ತೆ ಟ್ರಾಲಿ. ಮನುಷ್ಯನ ತೋಳನ್ನೇ ತಕ್ಕಡಿ ಮಾಡಿಕೊಂಡ ಕಾನೂನು ಇದು. ನಮ್ಮ ಊರಿನ ಎಷ್ಟೋ ಕಾನೂನಿಗಿಂತ ಸ್ಪಷ್ಟವಾಗಿದೆ ಎಂದೇ ನನ್ನ ಅಭಿಪ್ರಾಯ.

ಇಷ್ಟು ಸೂಕ್ಷ್ಮ ಯಾಕೆ ಎನ್ನುತ್ತೀರಾ? ಜೀವದ ಪ್ರಶ್ನೆ ಸ್ವಾಮಿ. ಟ್ರಾಲಿ ಹೊರಡುವುದು ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ. ಎದುರಿಗೋ ಬೆನ್ನಿಗೋ ಗಾಡಿ ಬಂತು ಎಂದರೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಬೇಕು, ಜಲ್ಲಿಯಾಚೆ ಇಡಬೇಕು. ಮೂವರಿದ್ದರೆ ಆಗಲಿಲ್ಲ. ಬೆಂಚಿನ ಮೇಲೆ ಸಾಹೇಬರು ಕೂತು ಹುಕುಂ ಮಾಡುತ್ತಿದ್ದರೆ ಮೊದಲೇ ಆಗಲಿಲ್ಲ, ಅವರೂ ಇಳಿಯಲೇಬೇಕು. ಬಯಲು ಸೀಮೆಯ ನೇರ ಕಂಬಿಯಲ್ಲಿ ಗಾಡಿ ದೂರದಿಂದಲೇ ಕಾಣುತ್ತದೆ. ನಮ್ಮ ಮಲೆನಾಡಿನಲ್ಲಿ ತಿರುವು, ಗುಡ್ಡ ಕಡಿದ ಓಣಿ, ಮೇಲೆ ಬಿದಿರು ಮುಚ್ಚಿಕೊಂಡಿರುತ್ತದೆ, ಮಳೆಗಾಲದಲ್ಲಿ ಮಂಜು ಬೇರೆ. ಅಂಥಲ್ಲಿ ಒಬ್ಬ ಆಳು ಬಾವುಟ ಹಿಡಿದು ಮುಂದೆ ಹೋಗಿ ನಿಲ್ಲಬೇಕು. ಟ್ರಾಲಿಯ ಜೊತೆ ಗಡಿಯಾರ, ಗಾಡಿಗಳ ವೇಳಾಪಟ್ಟಿ, ಕೆಂಪು ಹಸಿರು ಬಾವುಟ, ಕೈದೀಪ, ಪಟಾಕಿ, ಸರಪಳಿ, ಬೀಗ ಇರಬೇಕು ಎಂದು ನಿಯಮ.

ಪಟಾಕಿ ಎಂದರೆ ದೀಪಾವಳಿಯದ್ದಲ್ಲ. ತಗಡಿನ ಡಬ್ಬಿಯಲ್ಲಿ ಮದ್ದು ತುಂಬಿ ಕಂಬಿಗೆ ಕಟ್ಟುವಂಥದ್ದು. ಇಂಜಿನ್ ಗಾಲಿ ಹತ್ತಿದರೆ ಢಮಾರ್ ಎನ್ನುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ಸರಪಳಿ ಬೀಗ ಯಾತಕ್ಕೆಂದರೆ, ಎತ್ತಿಟ್ಟ ಟ್ರಾಲಿಗೆ ಗಾಲಿ ಕಟ್ಟಿ ಬೀಗ ಜಡಿಯದಿದ್ದರೆ ಊರ ಹುಡುಗರು ಸುಮ್ಮನೆ ಬಿಟ್ಟಾರೆಯೇ? ಮತ್ತೆ ಕಂಬಿಗಿಟ್ಟು ಮೆರವಣಿಗೆ ಹೊರಟಾರು.

ಲಾರಿಯ ಪಾಡು ಬೇರೆ. ‘ಡಿಪ್ ಲಾರಿ’ ಎಂದು ಕರೆಯುವ ಈ ತಗ್ಗು ಗಾಡಿಗೆ ಬೆಂಚಿಲ್ಲ, ಕೊಡೆ ಇಲ್ಲ, ಇಂಜಿನ್ ಇಲ್ಲ, ಡೀಸೆಲ್ ಇಲ್ಲ. ಕಂಬಿ, ಸ್ಲೀಪರು, ಬೋಲ್ಟಿನ ಚೀಲ ಹೇರಿಕೊಂಡು ಜನ ತಳ್ಳಿಕೊಂಡು ಹೋಗುವುದು. ಅಂದ ಹಾಗೆ ಲಾರಿ ಎಂಬ ಮಾತು ಹುಟ್ಟಿದ್ದೇ ಕಂಬಿಯ ಮೇಲೆ, ನಮ್ಮ ಲಾರಿ ಮಾಲೀಕರು ಬೇಸರ ಮಾಡಿಕೊಳ್ಳಬಾರದು. ಮೋಟಾರ್ ಲಾರಿ ಆಮೇಲೆ ಬಂದದ್ದು. ಈ ಗಾಡಿಯನ್ನು ಭಾರ ಸಮೇತ ಎತ್ತಲಾಗದ್ದರಿಂದ ಎರಡೂ ದಿಕ್ಕಿಗೆ ಕಾವಲು ಬೇಕು. ಮೀಟರ್‌ಗೇಜಿನ ಕಾಲದಲ್ಲಿ 400 ಮೀಟರ್ ದೂರದಲ್ಲಿ ಒಂದು ಪಟಾಕಿ, 800 ಮೀಟರ್ ದೂರದಲ್ಲಿ ಹತ್ತತ್ತು ಮೀಟರ್ ಬಿಟ್ಟು ಮೂರು ಪಟಾಕಿ. ಬ್ರಾಡ್‌ಗೇಜ್ ಬಂದ ಮೇಲೆ ಇದು 600 ಮತ್ತು 1,200 ಮೀಟರ್ ಆಯಿತು. ಗಾಡಿ ದೊಡ್ಡದು, ಓಟ ಜಾಸ್ತಿ, ನಿಲ್ಲಲು ಜಾಗವೂ ಜಾಸ್ತಿ ಬೇಕು. ಕಾವಲಿನವನು ಮಾತ್ರ ಅವನೇ. ಅವನು ನಡೆಯುವ ದೂರವಷ್ಟೇ ಒಂದೂವರೆ ಪಟ್ಟು ಆಯಿತು.

ಅಣ್ಣನ ಅಂಗಿ ತಮ್ಮನಿಗೆ

ತಾಳಗುಪ್ಪದ ಸಾಲಿನ ಹಿಂದಿನ ಸಂಗತಿ ಒಂದಿಷ್ಟು ಹೇಳಿಬಿಡುತ್ತೇನೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಕಾಡಿನೊಳಕ್ಕೆ ಹೋಗಲು ಮೈಸೂರು ಸಂಸ್ಥಾನದವರು ಬಹಳ ವರ್ಷ ತೆಗೆದುಕೊಂಡರು. 1930ರ ದಶಕದಲ್ಲಿ ಕೆಲಸ ಹಂತ ಹಂತವಾಗಿ ಸಾಗಿ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಸೇರಿತು. ಒಟ್ಟು ನೂರು ಕಿ.ಮೀ.ಗೆ ಚೂರು ಕಮ್ಮಿ. ತಾಳಗುಪ್ಪದಿಂದಾಚೆ ಕಂಬಿ ಇಲ್ಲ. ಜೋಗಕ್ಕೆ ಹೋಗುವವರು ಅಲ್ಲಿ ಇಳಿದು ಬಸ್ ಹಿಡಿಯಬೇಕು. 1951ರಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಸೇರಿತು, 2003ರಲ್ಲಿ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಆಯಿತು. ಬೋರ್ಡು ಬದಲಾಯಿತು, ಕಂಬಿ ಮಾತ್ರ ಒಂದು ಮೀಟರ್ ಅಗಲದ್ದೇ ಉಳಿಯಿತು. ಕೊನೆಗಾಲದಲ್ಲಿ ಅದರ ಮೇಲೆ ರೈಲ್‌ಬಸ್ಸು ಓಡಿತು. ಬಸ್ಸಿನ ಮೈ, ರೈಲಿನ ಗಾಲಿ. ಅದರಲ್ಲಿ ಹೋಗಿ ಬಂದವರು ಈ ಪತ್ರಿಕೆಯ ಓದುಗರಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ.

ಬ್ರಾಂಚ್ ಲೈನಿಗೆ ಒಂದು ಹಣೆಬರಹ ಉಂಟು. ಮನೆಯಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರುವುದಿಲ್ಲವೇ, ಹಾಗೆ. ದೊಡ್ಡ ಸಾಲಿನಲ್ಲಿ ತೇಯ್ದು ತೆಗೆದ ಕಂಬಿ, ಇನ್ನೂ ಗಟ್ಟಿ ಇದ್ದರೆ, ಬ್ರಾಂಚಿಗೋ ಸೈಡಿಂಗಿಗೋ ಬರುತ್ತದೆ. ಇದು ತಾಳಗುಪ್ಪಕ್ಕೆ ಮಾಡಿದ ಮೋಸ ಅಲ್ಲ, ದೇಶದಲ್ಲೆಲ್ಲಾ ರೈಲ್ವೆಯ ರೂಢಿ. ನಿಧಾನ ಓಡುವ ನಾಲ್ಕು ಗಾಡಿಗೆ ಹೊಸ ಕಂಬಿ ಯಾಕೆ ಎಂಬ ಲೆಕ್ಕ. ದೊಡ್ಡ ಸಾಲಿನಲ್ಲಿ ಗಾಡಿ ಬಿಟ್ಟರೆ ಗಾಡಿ, ಕೈಗಾಡಿ ತಳ್ಳಲು ಪುರಸತ್ತು ಎಲ್ಲಿ? ಬ್ರಾಂಚಿನಲ್ಲಿ ಎರಡು ಗಾಡಿಯ ನಡುವೆ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಎದ್ದರೂ ಸಮಯ ಉಳಿಯುತ್ತದೆ. ಅದಕ್ಕೇ ಕೈಕೆಲಸದ ಸಾಮಾನು ಕಂಬಿ ಮೇಲೆ ಹೆಚ್ಚು ದಿನ ಬಾಳುವುದು ಇಂಥ ಸಾಲುಗಳಲ್ಲಿ.

ಗ್ಯಾಂಗಿನ ಆಯುಧ

ಕಂಬಿ ತಾನಾಗಿ ನೆಟ್ಟಗೆ ಇರುತ್ತದೆ ಅಂತ ನಾವು ತಿಳಿದಿದ್ದೇವೆ. ಇಲ್ಲ. ಪ್ರತಿ ಗಾಡಿ ಹೋದಾಗಲೂ ಅದು ಚೂರು ಕುಸಿಯುತ್ತದೆ, ಚೂರು ಸರಿಯುತ್ತದೆ, ಕೆಳಗಿನ ಜಲ್ಲಿ ಪುಡಿಯಾಗುತ್ತದೆ. ಮಳೆಗಾಲದಲ್ಲಿ ಮಣ್ಣು ಕೆಸರಾಗಿ ಮೇಲೆ ಉಕ್ಕುತ್ತದೆ. ಅದನ್ನು ದಿನಾ ಸರಿಮಾಡಲು ಗ್ಯಾಂಗು. ಗ್ಯಾಂಗಿಗೊಬ್ಬ ಮೇಸ್ತ್ರಿ, ಅವನನ್ನು ಮೇಟ್ ಎನ್ನುತ್ತಾರೆ. ಕೀಲಿ ನೋಡಲು ಒಬ್ಬ ಕೀಮನ್. ಉಳಿದವರು ಗ್ಯಾಂಗ್‌ಮನ್‌ಗಳು. ಆಮೇಲೆ ಟ್ರ್ಯಾಕ್‌ಮನ್ ಎಂದರು, ಈಗ ಟ್ರ್ಯಾಕ್ ಮೇಂಟೇನರ್ ಎನ್ನುತ್ತಾರೆ. ಹೆಸರು ಉದ್ದವಾದಷ್ಟೂ ಸುತ್ತಿಗೆ ಹಗುರ ಆಗಲಿಲ್ಲ.

ಗ್ಯಾಂಗಿನ ಸಾಮಾನಿನಲ್ಲಿ ಮುಖ್ಯವಾದದ್ದು ಬೀಟರ್. ನೋಡಲು ಪಿಕಾಸಿಯಂತೆ, ಆದರೆ ಒಂದು ಬದಿ ಚೂಪಲ್ಲ, ಮೊಂಡ. ಕಂಬಿಯ ಕೆಳಗೆ ಅಡ್ಡ ಹಾಕಿರುತ್ತಾರಲ್ಲ ಸ್ಲೀಪರು, ಅದರ ಅಡಿಗೆ ಜಲ್ಲಿಯನ್ನು ಆ ಮೊಂಡು ಬದಿಯಿಂದ ಗುದ್ದಿ ಗುದ್ದಿ ತುಂಬಬೇಕು. ಒಬ್ಬ ಈ ಬದಿಯಿಂದ, ಇನ್ನೊಬ್ಬ ಆ ಬದಿಯಿಂದ, ಏಟಿಗೆ ಏಟು ಸೇರಬೇಕು. ಒನಕೆಯಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿಗೆ ಭತ್ತ ಕುಟ್ಟುತ್ತಿದ್ದರಲ್ಲ, ಅದೇ ತಾಳ. ತಾಳ ತಪ್ಪಿದರೆ ಸ್ಲೀಪರು ಒಂದು ಬದಿ ಎದ್ದು ಇನ್ನೊಂದು ಬದಿ ಕೂರುತ್ತದೆ, ಗಾಡಿ ಓಲಾಡುತ್ತದೆ. ಬೋಗಿಯಲ್ಲಿ ನಿಮ್ಮ ಕಾಫಿ ಚೆಲ್ಲಿದರೆ ಬೈಯುವುದು ಡ್ರೈವರನ್ನು, ಕಾರಣ ಇರುವುದು ಬೀಟರಿನಲ್ಲಿ.

ಹಾರೆ, ಗುದ್ದಲಿ, ಜಲ್ಲಿ ಕೆದಕುವ ಹಲ್ಲಿನ ಕೋಲು, ಬಾಂಡ್ಲಿ ಇವೆಲ್ಲ ನಮ್ಮ ತೋಟದಲ್ಲೂ ಇವೆ. ಇಲ್ಲದ್ದು ಎಂದರೆ ಗೇಜ್ ಕಂಬಿ. ಎರಡು ಹಳಿಗಳ ನಡುವೆ ಅಡ್ಡ ಇಟ್ಟು ಅಗಲ ಸರಿಯಿದೆಯೋ ಎಂದು ನೋಡುವ ಅಳತೆ ಕೋಲು, ಅದರ ಮೇಲೆ ನೀರುಮಟ್ಟ. ಇನ್ನೊಂದು ‘ಜಿಮ್ ಕ್ರೋ’. ಯಾರಿಟ್ಟ ಹೆಸರೋ. ಕಂಬಿಯನ್ನು ಎರಡು ಕೊಕ್ಕೆಯಲ್ಲಿ ಸಿಕ್ಕಿಸಿ ನಡುವೆ ತಿರುಪು ತಿರುಗಿಸಿದರೆ ಉಕ್ಕು ಬಾಗುತ್ತದೆ. ಹೊಟ್ಟೆಗೆ ಸಾಕಷ್ಟಿಲ್ಲದ ಇಬ್ಬರು ಮನುಷ್ಯರು ಕೈಯಲ್ಲಿ ರೈಲು ಕಂಬಿ ಬಗ್ಗಿಸುವುದನ್ನು ಸರ್ಕಸ್ಸಿನಲ್ಲಿ ತೋರಿಸಿದರೆ ಟಿಕೆಟ್ ಇಟ್ಟೇವು.

ಕಂಬಿ ಹೊರುವ ಇಕ್ಕಳ ಬೇರೆ ಉಂಟು. ಮೀಟರ್‌ಗೇಜಿನ ಕಂಬಿ ಮೀಟರಿಗೆ ಸುಮಾರು 30 ಕೆ.ಜಿ., ಒಂದು ಕಂಬಿ 12 ಮೀಟರ್, ಒಟ್ಟು 360 ಕೆ.ಜಿ. ಎಂಟು ಜನ ಹಿಡಿದರೆ ತಲೆಗೆ 45 ಕೆ.ಜಿ. ಅಂದರೆ ಅರ್ಧ ಮೂಟೆ ಅಕ್ಕಿ. ಈಗಿನ ಬ್ರಾಡ್‌ಗೇಜಿನದು ಮೀಟರಿಗೆ 52 ಕೆ.ಜಿ. ಹಿಡಿದರೂ 13 ಮೀಟರಿಗೆ 676 ಕೆ.ಜಿ. ಅದೇ ಎಂಟು ಜನಕ್ಕೆ ತಲೆಗೆ 84 ಚಿಲ್ಲರೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೂ ಬರುವ ಲೆಕ್ಕ ಇದು. ಮನುಷ್ಯನ ಹೆಗಲು ಎಲ್ಲಿಗೆ ಮುಗಿಯುತ್ತದೆ, ಯಂತ್ರ ಎಲ್ಲಿ ಶುರುವಾಗುತ್ತದೆ ಅನ್ನುವುದು ಈ ಎರಡು ಅಂಕಿಗಳ ನಡುವೆ ಇದೆ.

ಕೀಮನ್ನನ ಕೆಲಸ ಕೇಳಿದರೆ ನಮ್ಮ ಪೋಸ್ಟ್‌ಮನ್‌ಗಳು ತಾವೇ ಸುಖಿಗಳು ಎಂದಾರು. ಉದ್ದ ಹಿಡಿಯ ಸುತ್ತಿಗೆ, ಸ್ಪ್ಯಾನರ್, ಬಾವುಟ, ಪಟಾಕಿ ಹೊತ್ತು ತನ್ನ ಪಾಲಿನ ಕಂಬಿಯನ್ನು ದಿನಾ ನಡೆದು ನೋಡಬೇಕು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು ಹಳಿ. ಸಡಿಲಾದ ಕೀಲಿಗೆ ಒಂದು ಏಟು, ಸಡಿಲಾದ ಬೋಲ್ಟಿಗೆ ಒಂದು ತಿರುವು. ಆರು ಕಿ.ಮೀ. ಪಾಲು ಎಂದಿಟ್ಟುಕೊಳ್ಳಿ. 12 ಮೀಟರಿಗೊಂದು ಜೋಡಣೆ, ಎರಡು ಹಳಿ ಸೇರಿ ಒಂದು ಸಾವಿರ ಜೋಡಣೆ. ಜೋಡಣೆಗೆ ನಾಲ್ಕು ಬೋಲ್ಟ್, ಒಟ್ಟು ನಾಲ್ಕು ಸಾವಿರ. ಹಳೇ ರೈಲಿನಲ್ಲಿ ಟಕಟಕ ಟಕಟಕ ಅಂತ ಕೇಳಿ ನಾವು ನಿದ್ದೆ ಮಾಡುತ್ತಿದ್ದುದು ಈ ಜೋಡಣೆಗಳ ಸದ್ದಿಗೇ. ನಮ್ಮ ಜೋಗುಳ ಅವನ ಸುತ್ತಿಗೆಯ ಲೆಕ್ಕ.

ಮಳೆಗಾಲದಲ್ಲಿ ರಾತ್ರಿ ಗಸ್ತು ಬೇರೆ. ಆಗುಂಬೆಯ ಮಳೆ ಆನಂದಪುರಕ್ಕೆ ಪೂರ್ತಿ ಬರುವುದಿಲ್ಲ ನಿಜ, ಬಂದಷ್ಟೇ ಸಾಕು ಮಾರಾಯರೇ. ಮರ ಬೀಳುತ್ತದೆ, ದರೆ ಕುಸಿಯುತ್ತದೆ, ಮೋರಿ ಕೊಚ್ಚಿ ಹೋಗುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು ಕೈದೀಪ ಹಿಡಿದು ಕತ್ತಲಲ್ಲಿ ಕಂಬಿ ಹಿಡಿದು ನಡೆಯುವ ಕೆಲಸ ನಿಂತಿಲ್ಲ. ಈಗ ಗಸ್ತಿನವನ ಕೈಗೆ ಜಿ.ಪಿ.ಎಸ್. ಡಬ್ಬಿಯನ್ನೂ ಕೊಡುತ್ತಾರೆ. ಅವನು ನಡೆದನೋ ಮಲಗಿದನೋ ಎಂದು ಆಫೀಸಿನವರಿಗೆ ಗೊತ್ತಾಗಲಿ ಅಂತ. ಹಾವು ಚಿರತೆಗಳ ವಿಷಯ ಆ ಡಬ್ಬಿ ಹೇಳುವುದಿಲ್ಲ.

ಅಗಲ ಬದಲಾಯಿತು

ದೇಶಕ್ಕೆಲ್ಲ ಒಂದೇ ಅಗಲದ ಕಂಬಿ ಎಂಬ ಯೋಜನೆ 1992ರಲ್ಲಿ ಶುರುವಾಯಿತು. ತಾಳಗುಪ್ಪಕ್ಕೆ ಅದು ಬಂದು ಮುಟ್ಟುವಾಗ 2011. ಸಾಗರದವರು ಎಷ್ಟು ಹೋರಾಟ ಮಾಡಿದರು, ಎಷ್ಟು ಮನವಿ ಕೊಟ್ಟರು ಎಂಬುದನ್ನು ಇಲ್ಲಿ ಮತ್ತೆ ಬರೆಯಬೇಕಿಲ್ಲ. ಬ್ರಾಡ್‌ಗೇಜ್ ಬಂದದ್ದು ಒಳ್ಳೆಯದೇ ಆಯಿತು. ಬೆಂಗಳೂರು, ಮೈಸೂರಿಗೆ ಗಾಡಿ ಬದಲಾಯಿಸದೆ ಹೋಗುತ್ತೇವೆ. ಹಳೆಯದೇ ಚೆಂದ ಎಂದು ಅಳುವವರ ಪೈಕಿ ನಾನಲ್ಲ.

ಆದರೆ ಒಂದು ಮೀಟರ್ ಇದ್ದದ್ದು 1,676 ಮಿಲಿಮೀಟರ್ ಆದ ಕೂಡಲೇ ಹಳೇ ಸಾಮಾನೆಲ್ಲ ಒಂದೇ ಏಟಿಗೆ ಅನಾಥವಾಯಿತು. ಟ್ರಾಲಿಯ ಅಚ್ಚು ಗಿಡ್ಡ. ಲಾರಿಯ ಗಾಲಿ ಕೂರುವುದಿಲ್ಲ. ಗೇಜ್ ಕಂಬಿಗೆ ಅಳೆಯಲು ಏನೂ ಉಳಿಯಲಿಲ್ಲ. ಮರದ ಸ್ಲೀಪರು, ಬೀಡಿನ ಸ್ಲೀಪರು ಹೋಗಿ ಕಾಂಕ್ರೀಟಿನದು ಬಂತು. ಒಂದೊಂದು ಕಾಲು ಟನ್ನಿಗೂ ಹೆಚ್ಚು. ಅದರ ಅಡಿಗೆ ಬೀಟರಿನಲ್ಲಿ ಜಲ್ಲಿ ತುಂಬಿ ಪೂರೈಸುವುದಿಲ್ಲ, ಅದಕ್ಕೆ ಟ್ಯಾಂಪಿಂಗ್ ಮೆಷಿನ್ನೇ ಬೇಕು. ಹಳದಿ ಬಣ್ಣದ್ದು, ರೈಲು ಬೋಗಿಯಷ್ಟು ಉದ್ದ, ಹೊಟ್ಟೆಯಡಿ ಉಕ್ಕಿನ ಬೆರಳುಗಳು. ಬೆರಳು ಜಲ್ಲಿಯೊಳಗೆ ಇಳಿದು ಗಡಗಡ ನಡುಗಿ ಒತ್ತಿ ಮೇಲೇಳುತ್ತವೆ, ಮುಂದಿನ ಸ್ಲೀಪರಿಗೆ ಹೋಗುತ್ತವೆ. ಇಡೀ ಗ್ಯಾಂಗಿನ ದಿನದ ಕೆಲಸವನ್ನು ಊಟಕ್ಕೆ ಮುಂಚೆ ಮುಗಿಸುತ್ತದೆ. ಕಂಬಿಯನ್ನೂ ಇಪ್ಪತ್ತಿಪ್ಪತ್ತು ಬೆಸೆದು 260 ಮೀಟರ್ ಉದ್ದ ಮಾಡಿ ಹಾಕುತ್ತಾರೆ, ಆಮೇಲೆ ಅವನ್ನೂ ಬೆಸೆಯುತ್ತಾರೆ. ಟಕಟಕ ನಿಂತಿತು.

ಹಾಗಾದರೆ ಬಸ್ಸಿನಿಂದ ಕಂಡ ಟ್ರಾಲಿ ಯಾವುದು ಎಂದು ಕೇಳಬಹುದು. ಅದು ಅಗಲದ ಹೊಸ ಟ್ರಾಲಿ, ಜಾತಿ ಹಳೆಯದೇ. ಯಂತ್ರ ಎಷ್ಟೇ ಬರಲಿ, ಕಂಬಿಯ ಜೊತೆ ನಿಧಾನವಾಗಿ ಸಾಗಿ ಕಣ್ಣಿನಿಂದ ನೋಡುವ ಕೆಲಸ ಹಾಗೇ ಉಳಿದಿದೆ. ಒಂದು ವ್ಯತ್ಯಾಸ ಉಂಟು. ಕೆಲವು ಕಡೆ ಕಂಬಿಯಲ್ಲಿ ಸಣ್ಣ ಕರೆಂಟು ಹರಿಸಿ ಗಾಡಿ ಇದೆಯೋ ಇಲ್ಲವೋ ಎಂದು ಸಿಗ್ನಲ್ಲಿಗೆ ತಿಳಿಸುವ ಏರ್ಪಾಡು ಇರುತ್ತದೆ. ಅಲ್ಲಿ ಹಳೇ ಕಬ್ಬಿಣದ ಗಾಲಿ ಇಟ್ಟರೆ ಎರಡು ಹಳಿ ಸೇರಿ ‘ರೈಲು ಬಂತು’ ಎಂದು ಸಿಗ್ನಲ್ ಕೆಂಪಾಗುತ್ತದೆ. ಆದ್ದರಿಂದ ಟ್ರಾಲಿಯ ಗಾಲಿ ಅಚ್ಚುಗಳ ನಡುವೆ ಕರೆಂಟು ಹಾಯದಂತೆ ಮಾಡಿರಬೇಕು.

ಗುಜರಿಯವರ ಗಮನಕ್ಕೆ

ಹಳೇ ಕಬ್ಬಿಣ ಎಲ್ಲಿ ಹೋಗುತ್ತದೆ? ಟನ್ನಿನ ಲೆಕ್ಕದಲ್ಲಿ ಹರಾಜಿಗೆ. ‘ಜೀರೋ ಸ್ಕ್ರ್ಯಾಪ್’ ಅಂತ ರೈಲ್ವೆ ಒಂದು ಅಭಿಯಾನವನ್ನೇ ಮಾಡಿದೆ, ಸ್ಟೇಷನ್ನಿನಲ್ಲಿ ಡಿಪೋದಲ್ಲಿ ಒಂದು ತುಂಡೂ ಬಿದ್ದಿರಬಾರದು ಎಂದು. ಹರಾಜು ಈಗ ಕಂಪ್ಯೂಟರಿನಲ್ಲಿ. ಯಾವ ಊರಿನವನು ಕೊಳ್ಳುತ್ತಾನೋ, ಯಾವ ಕುಲುಮೆಗೆ ಹೋಗುತ್ತದೋ.

ಕಂಬಿಗೇನೋ ಸತ್ತ ಮೇಲೂ ಬದುಕಿದೆ. ನಮ್ಮಲ್ಲಿ ಎಷ್ಟು ಸ್ಕೂಲುಗಳ ಗಂಟೆ ಒಂದು ಮೊಳ ರೈಲು ಕಂಬಿ ಅಲ್ಲ ಹೇಳಿ. ಕಮ್ಮಾರನ ಅಡಿಗಲ್ಲು ನೋಡಿ, ಅಕ್ಕಸಾಲಿಯ ಮುಂದಿರುವ ಪುಟ್ಟ ಅಡಿಗಲ್ಲು ನೋಡಿ, ಮಗುಚಿದರೆ ರೈಲು ಕಂಬಿಯ ಆಕಾರ ಕಂಡೀತು. ಹಳೇ ಮನೆಗಳ ಮಾಡಿಗೆ ತೊಲೆಯಾಗಿದೆ, ಬೀದಿಯ ಲೈಟುಕಂಬ ಆಗಿದೆ. ನಾಗರಹೊಳೆ ಕಡೆ ಅರಣ್ಯ ಇಲಾಖೆಯವರು ಆನೆ ಊರಿಗೆ ನುಗ್ಗದಂತೆ ಹಳೇ ರೈಲು ಕಂಬಿಗಳ ಬೇಲಿಯನ್ನೇ ನಿಲ್ಲಿಸಿದ್ದಾರೆ. ರೈಲು ಹೊತ್ತ ಕಂಬಿ ಈಗ ಆನೆ ತಡೆಯುತ್ತದೆ. ಆದರೆ ಬೀಟರ್, ಜಿಮ್ ಕ್ರೋ, ಡಿಪ್ ಲಾರಿಗಳಿಗೆ ಎರಡನೇ ಉದ್ಯೋಗ ಇಲ್ಲ. ಅವು ನೇರ ಕುಲುಮೆಗೇ.

ಇಲ್ಲಿ ನಮ್ಮ ಗುಜರಿ ಅಂಗಡಿಯವರಿಗೆ ಒಂದು ಮಾತು. ಹರಾಜಿನಲ್ಲಿ ಕೊಂಡ ರಸೀದಿ ಇದ್ದರೆ ಯಾರೂ ಕೇಳರು. ಯಾರೋ ಸಂಜೆ ಹೊತ್ತು ಗೋಣಿಯಲ್ಲಿ ಫಿಶ್‌ಪ್ಲೇಟು, ಬೋಲ್ಟು, ಕೀಲಿ ತಂದು ಅರ್ಧ ಬೆಲೆಗೆ ಹಾಕಿದರೆ ಮಾತ್ರ ತೆಗೆದುಕೊಳ್ಳಬೇಡಿ. ರೈಲ್ವೆ ಆಸ್ತಿಯ ಅಕ್ರಮ ಸ್ವಾಧೀನದ ಬಗ್ಗೆ 1966ರ ಕಾಯಿದೆ ಇದೆ. ಕದ್ದವನನ್ನಷ್ಟೇ ಅಲ್ಲ, ಕದ್ದ ಮಾಲು ಇಟ್ಟುಕೊಂಡವನನ್ನೂ ಹಿಡಿಯುತ್ತದೆ. ಮೊದಲ ಸಲಕ್ಕೇ ಐದು ವರ್ಷದವರೆಗೆ ಸಜೆ ಆಗಬಹುದು, ವಿಶೇಷ ಕಾರಣ ಇಲ್ಲದೆ ಒಂದು ವರ್ಷಕ್ಕೆ ಕಮ್ಮಿ ಮಾಡುವಂತಿಲ್ಲ. ಹತ್ತು ಕೆ.ಜಿ. ಕಬ್ಬಿಣಕ್ಕೆ ಒಂದು ವರ್ಷ, ಲಾಭದ ವ್ಯಾಪಾರ ಅಲ್ಲ. ಅದಕ್ಕೂ ಮಿಗಿಲಾಗಿ, ಆ ಬೋಲ್ಟು ಬಿಚ್ಚಿದ ಜಾಗದ ಮೇಲೆ ನಾಳೆ ನಿಮ್ಮ ಅಂಗಡಿಗೆ ಬರುವ ಗಿರಾಕಿಯೇ ಪ್ರಯಾಣ ಮಾಡುತ್ತಿರುತ್ತಾನೆ.

ಬೆಂಚಿನ ಮೇಲಿನವರು, ಕಂಬಿ ಮೇಲಿನವರು

ಅರಸಾಳಿನ ಹಳೇ ಸ್ಟೇಷನ್ ಈಗ ಎಲ್ಲರಿಗೂ ಗೊತ್ತು. ಶಂಕರ್‌ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ತೆಗೆದಾಗ ಆರ್.ಕೆ. ನಾರಾಯಣರ ಮಾಲ್ಗುಡಿಗೆ ಸ್ಟೇಷನ್ ಆದದ್ದು ಇದೇ. 2020ರಲ್ಲಿ ರೈಲ್ವೆಯವರು ಅದನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆದರು. ಒಳ್ಳೆಯ ಕೆಲಸ, ಹೊಗಳೋಣ. ಮೈಸೂರಿನಲ್ಲಿ 1979ರಿಂದಲೇ ರೈಲು ಮ್ಯೂಸಿಯಂ ಇದೆ, ಕಂಬಿ ಮೇಲೆ ಓಡುವಂತೆ ಮಾಡಿದ ಒಂದು ಆಸ್ಟಿನ್ ಕಾರು ಕೂಡ ಅಲ್ಲಿದೆ. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ಆಯಿತು.

ಜನ ಅಲ್ಲಿಗೆಲ್ಲ ಹೋಗುವುದು ಇಂಜಿನ್ ಮುಂದೆ, ಮಹಾರಾಜರ ಬೋಗಿ ಮುಂದೆ, ಸಿನಿಮಾದ ಸ್ಟೇಷನ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು. ತಪ್ಪಲ್ಲ. ಆದರೆ ಆ ಮಹಾರಾಜರ ಬೋಗಿ ಕೆಳಗೆ ಬೀಳದಂತೆ ನೋಡಿಕೊಂಡದ್ದು ಬೀಟರು. ಸೇತುವೆಗೆ ದಿವಾನರ ಹೆಸರಿನ ಕಲ್ಲು ಇರುತ್ತದೆ, ಸ್ಟೇಷನ್ನಿಗೆ ಮಂತ್ರಿಗಳ ಹೆಸರಿನ ಕಲ್ಲು ಇರುತ್ತದೆ. ಗ್ಯಾಂಗಿಗೆ ಯಾವ ಕಲ್ಲೂ ಇಲ್ಲ, ಇದ್ದದ್ದು ಜಲ್ಲಿಕಲ್ಲು ಮಾತ್ರ. ಅವರ ಕೈಯ ಗುರುತು ಉಳಿದಿರುವುದು ಸವೆದ ಹಿಡಿಗಳಲ್ಲಿ. ಅದನ್ನೂ ಟನ್ನಿಗೆ ಇಷ್ಟು ಎಂದು ತೂಗಿಬಿಟ್ಟರೆ ಲೆಕ್ಕ ಚುಕ್ತಾ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಒಬ್ಬರು ಕೂತು ನಾಲ್ವರು ತಳ್ಳುವ ಗಾಡಿ ನೋಡಲು ಅಷ್ಟೇನೂ ಚೆಂದದ ನೋಟ ಅಲ್ಲ. ಬ್ರಿಟಿಷರ ಕಾಲದ ವಾಸನೆ ಅದಕ್ಕೆ ಇನ್ನೂ ಅಂಟಿಕೊಂಡಿದೆ. ಅದಕ್ಕೆ ನಾನು ಕೇಳುತ್ತಿರುವುದು ಟ್ರಾಲಿ ಎಂದೆಂದೂ ಓಡಲಿ ಅಂತ ಅಲ್ಲ. ಹಳೆಯದು ಮ್ಯೂಸಿಯಂನಲ್ಲಿ ನಿಲ್ಲಲಿ, ತಳ್ಳುವವನ ಕಾಲಿಗೆ ಬಿಡುವು ಸಿಗಲಿ. ಈಗ ಆಗುತ್ತಿರುವುದು ಉಲ್ಟಾ. ಸಾಮಾನು ಗುಜರಿಗೆ, ಮನುಷ್ಯ ಕಂಬಿ ಮೇಲೇ.

ಕಂಬಿ ಮೇಲಿನ ಮನುಷ್ಯನ ಗತಿ ಏನೆಂಬುದಕ್ಕೆ ಒಂದು ಅಂಕಿ ಸಾಕು. ಅಣುವಿಜ್ಞಾನಿ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸುರಕ್ಷತಾ ಸಮಿತಿ 2012ರಲ್ಲಿ ವರದಿ ಕೊಟ್ಟಿತು. 2007-08ರಿಂದ 2011ರ ಅಕ್ಟೋಬರ್‌ವರೆಗೆ ಸುಮಾರು 1,600 ರೈಲ್ವೆ ನೌಕರರು ಕೆಲಸ ಮಾಡುತ್ತಲೇ ಸತ್ತರು ಎಂದು ಅದರಲ್ಲಿದೆ. ಅದೇ ಅವಧಿಯಲ್ಲಿ ರೈಲು ಅಪಘಾತಗಳಲ್ಲಿ ಸತ್ತವರಿಗಿಂತ ಇದು ಜಾಸ್ತಿ. ರೈಲು ಉರುಳಿದರೆ ನಮ್ಮಂಥ ಪತ್ರಿಕೆಗಳು ಮುಖಪುಟದಲ್ಲಿ ಹಾಕುತ್ತೇವೆ. ಕೀಮನ್ ಒಬ್ಬ ತಿರುವಿನಲ್ಲಿ ಗಾಡಿಗೆ ಸಿಕ್ಕರೆ ಒಳಪುಟದಲ್ಲಿ ಎರಡು ಸಾಲು. ಗಾಡಿ ಬರುವ ಮುಂಚೆ ಕಂಬಿ ಮೇಲಿರುವವನಿಗೆ ಎಚ್ಚರಿಕೆ ಕೊಡುವ ‘ರಕ್ಷಕ್’ ಎಂಬ ವೈರ್‌ಲೆಸ್ ಯಂತ್ರವನ್ನು ಹಂತ ಹಂತವಾಗಿ ಕೊಡುತ್ತೇವೆ ಎಂದು ರೈಲ್ವೆಯವರು ಹೇಳುತ್ತಾ ಬಂದಿದ್ದಾರೆ. ಹಂತಗಳಲ್ಲಿ ಬ್ರಾಂಚ್ ಲೈನಿನ ಸರದಿ ಯಾವಾಗಲೂ ಕೊನೆಗೆ. ಅಣ್ಣನ ಅಂಗಿಯ ಕಥೆ ಇಲ್ಲೂ ಆಗಬಾರದು. ಮಂಜು, ತಿರುವು, ಬಿದಿರು ಇರುವ ಸಾಲಿಗೆ ಅದು ಮೊದಲು ಬರಬೇಕು. ಗಾಡಿ ಕಮ್ಮಿ ಇರುವ ಕಂಬಿಯಲ್ಲೇ ಅಪಾಯ ಹೆಚ್ಚು ಎಂಬುದನ್ನು ಬೇರೆ ಹೇಳಬೇಕೆ? ಗಾಡಿ ಬರುವುದಿಲ್ಲ ಎಂದು ಕಿವಿ ಮರೆತಿರುತ್ತದೆ.

ಬಸ್ ಪ್ರಯಾಣಿಕರಿಗೂ ಇವರು ಕಾಣುವುದು ಕಮ್ಮಿಯಾಗುತ್ತಿದೆ. ಬ್ರಾಡ್‌ಗೇಜಿನ ಕಾವಲಿಲ್ಲದ ಗೇಟುಗಳೆಲ್ಲ 2019ರ ಜನವರಿ ಹೊತ್ತಿಗೆ ಮುಗಿದವು. ಕಾವಲಿದ್ದ ಗೇಟುಗಳೂ ಒಂದೊಂದೇ ಕೆಳಸೇತುವೆ, ಮೇಲ್ಸೇತುವೆ ಆಗುತ್ತಿವೆ. ಗೇಟಿನಲ್ಲಿ ಬಸ್ ನಿಂತಾಗ ಕಡಲೆಕಾಯಿ ತಿನ್ನುತ್ತಾ ಗ್ಯಾಂಗಿನ ಕೆಲಸ ನೋಡುವ ಪುಕ್ಕಟೆ ಪ್ರದರ್ಶನ ಮುಗಿಯಿತು. ಸಮಯ ಉಳಿಯಿತು, ಪ್ರಾಣವೂ ಉಳಿಯಿತು, ಅದು ಸರಿಯೇ. ಆದರೆ ಮುಂದಿನ ಹುಡುಗರಿಗೆ ಬೀಟರ್ ಎಂದರೆ ಮೊಟ್ಟೆ ಕಡೆಯುವ ಯಂತ್ರ ಎಂದಷ್ಟೇ ಗೊತ್ತಿರುತ್ತದೆ.

ಇದಕ್ಕೆ ಕೋಟಿ ಬೇಡ. ಮೀಟರ್‌ಗೇಜಿನ ಒಂದು ಟ್ರಾಲಿ, ಒಂದು ಡಿಪ್ ಲಾರಿ, ಒಂದು ಗ್ಯಾಂಗಿನ ಪೂರ್ತಿ ಸಾಮಾನು ಎಷ್ಟಾದರೂ ಒಂದು ಕೋಣೆಗೆ ಹಿಡಿಸುತ್ತದೆ. ತೂಕಕ್ಕೆ ಹಾಕಿದರೆ ಸರ್ಕಾರಕ್ಕೆ ಬರುವ ದುಡ್ಡು ಒಬ್ಬ ಅಧಿಕಾರಿಯ ಪ್ರವಾಸದ ಖರ್ಚಿಗೂ ಸಾಲದು. ಹರಾಜಿನ ಪಟ್ಟಿ ಮಾಡುವ ಮುಂಚೆ ಪ್ರತಿ ಡಿಪೋದಲ್ಲಿ ಒಂದು ಸೆಟ್ಟು ಎತ್ತಿಡಿ ಎಂಬ ಒಂದು ಸುತ್ತೋಲೆ ಸಾಕು. ಅರಸಾಳಿನಲ್ಲೋ, ಸಾಗರ ಜಂಬಗಾರು ಸ್ಟೇಷನ್ನಿನಲ್ಲೋ, ಕಂಬಿ ಮುಗಿಯುವ ತಾಳಗುಪ್ಪದಲ್ಲೋ ಇಡಬಹುದು. ಗಾಜಿನ ಪೆಟ್ಟಿಗೆ ಬೇಡ, ಮುಟ್ಟಿ ಎತ್ತಿ ನೋಡುವಂತಿರಲಿ. ಪಕ್ಕದಲ್ಲಿ ಕನ್ನಡದಲ್ಲಿ ಹೆಸರು, ಕೆಲಸ, ತೂಕ ಬರೆದಿರಲಿ. ನಿವೃತ್ತರಾದ ಗ್ಯಾಂಗ್‌ಮನ್‌ಗಳು ಈ ಊರುಗಳಲ್ಲಿ ಇನ್ನೂ ಇದ್ದಾರೆ, ಯಾವುದು ಯಾವುದಕ್ಕೆ ಎಂದು ಹೇಳಲು ಬೇರೆ ತಜ್ಞರನ್ನು ಕರೆಸುವ ಅಗತ್ಯ ಇಲ್ಲ. ಆದರೆ ಅವರಿಗೂ ವಯಸ್ಸಾಗುತ್ತಿದೆ.

ಈ ಸಾಲು ಮೈಸೂರು ವಿಭಾಗಕ್ಕೆ ಸೇರಿದ್ದು. ಅರ್ಜಿ ಹೋಗಬೇಕಾದದ್ದು ಮೈಸೂರಿನ ಡಿ.ಆರ್.ಎಂ. ಆಫೀಸಿಗೆ. ಸಾಗರ, ಆನಂದಪುರ, ಶಿವಮೊಗ್ಗದ ವರ್ತಕರ ಸಂಘದವರು ಬ್ರಾಡ್‌ಗೇಜಿಗೆ ಬರೆದ ಹಾಗೆ ಇದಕ್ಕೂ ಒಂದು ಕಾಗದ ಬರೆದು ಸಹಿ ಹಾಕಿದರೆ ಅಂಚೆ ಖರ್ಚು ಬಿಟ್ಟು ಬೇರೇನೂ ಹೋಗುವುದಿಲ್ಲ. ಕಾಗದದಲ್ಲಿ ಸಾಮಾನಿನ ಜೊತೆ ಹದಿನೈದು ಅಡಿ ಮೀಟರ್‌ಗೇಜ್ ಕಂಬಿಯನ್ನೂ ಕೇಳಿರಿ. ಟ್ರಾಲಿಯನ್ನು ನೆಲದ ಮೇಲಿಟ್ಟರೆ ಅದು ಬರೀ ಬೆಂಚು, ಕಂಬಿ ಮೇಲಿಟ್ಟು ನಾಲ್ಕು ಹುಡುಗರಿಗೆ ಎತ್ತಲು ಹೇಳಿದರೆ ಮಾತ್ರ ಅದು ಟ್ರಾಲಿಯೋ ಲಾರಿಯೋ ಗೊತ್ತಾಗುವುದು.